ತೋರಿಸುವ ಪೀಸು

ಎರಡು ವರ್ಷದಿಂದ ಸೂಜಿ ಚುಚ್ಚಿಸಿಕೊಂಡವಳು ನಾನು, ಮಗುವಿಗಾಗಿ ಸೋಮವಾರ ಉಪವಾಸ ಮಾಡಿದವಳೂ ನಾನು. ಉಪವಾಸ ಅತ್ತೆ ಅನುಸೂಯಮ್ಮನವರ ಕಟ್ಟಪ್ಪಣೆ. ಗಂಡ ಅಂಬರೀಶನಿಗೆ ಮಾತ್ರ ಒಂದೇ ಕೆಲಸ: "ನನ್ನ ರಿಪೋರ್ಟ್ ನಾರ್ಮಲ್" ಎಂದು ಮಾಕಳಿಯ ನೆಂಟರಿಗೆಲ್ಲ ಹೇಳಿಕೊಂಡು ತಿರುಗುವುದು. ಆ ಪರೀಕ್ಷೆಗೆ ಪೀಣ್ಯದ ತನ್ನ ಫ್ಯಾಕ್ಟರಿ ಪಕ್ಕದ ಲ್ಯಾಬಿಗೆ ತಾನೊಬ್ಬನೇ ಹೋಗಿ ಸ್ಯಾಂಪಲ್ ಕೊಟ್ಟು ಬಂದಿದ್ದ. ಅವನನ್ನು ಬಹುವಚನದಲ್ಲಿ ಹೇಳುವಷ್ಟು ತಾಳ್ಮೆ ಈಗ ನನ್ನಲ್ಲಿ ಉಳಿದಿಲ್ಲ.

ನನ್ನ ಹೊಟ್ಟೆಗೆ ತೂತು ಹಾಕಿ ನೋಡುವ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಹೊಸ ಡಾಕ್ಟರಮ್ಮ ತಡೆದರು.

"ಮೊದ್ಲು ಇವರದ್ದು ಇನ್ನೊಂದ್ಸಲ ನೋಡೋಣ. ವೀರ್ಯಾಣು ಎಣಿಸಿದ್ರೆ ಸಾಲ್ದು, ಅವು ಈಜೋ ದ್ರವದಲ್ಲಿರೋ ಪ್ರೋಟೀನ್‌ಗಳೂ ಸರಿಯಾಗಿರ್ಬೇಕು. ಪಕ್ಕದ ರೂಮಲ್ಲೇ ಸ್ಯಾಂಪಲ್ ಕೊಡಿ."

"ಫ್ಯಾಕ್ಟರಿಯಿಂದ ತಂದ್ಕೊಡ್ತೀನಿ ಮೇಡಂ," ಎಂದ ಅಂಬರೀಶ.

ಫ್ಯಾಕ್ಟರಿಯಿಂದ ತರೋಕೆ ಇದೇನು ಬೋಲ್ಟಾ? ಹೊರಗೆ ಬಂದವನು ಡಬ್ಬಿ ಹಿಡಿದುಕೊಂಡು ಬೆವರುತ್ತ ನಿಂತ.

"ಹೋಗ್ರೀ ಒಳಗೆ!"

"ವೇಣಿ, ಅವತ್ತಿಂದು ನಂದಲ್ಲ ಕಣೇ. ಹಣಮಂತಂದು."

ಹಣಮಂತ ಅವನ ಜೊತೆ ಕೆಲಸ ಮಾಡುವ ವಿಜಯಪುರದ ಕಡೆಯವನು, ಮೂರು ಮಕ್ಕಳ ತಂದೆ.

ಅಂಬರೀಶ ಕ್ವಾಲಿಟಿ ವಿಭಾಗದವನು. ಗಿರಾಕಿ ಕಂಪನಿಯವರು ತಪಾಸಣೆಗೆ ಬಂದಾಗ ತೋರಿಸಲಿಕ್ಕೆಂದೇ ಅಲ್ಲಿ ಒಂದು ಒಳ್ಳೆಯ ಪೀಸನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಿರುತ್ತಾರೆ. ಪುಣ್ಯಾತ್ಮ ಲ್ಯಾಬಿನಲ್ಲೂ ಅದೇ ಚಾಳಿ ತೋರಿಸಿದ್ದಾನೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಎರಡು ವರ್ಷ ಆ ಎಮ್ಮೆ ನಾನು. ಸಿಟ್ಟಿಗೆ ಅಳುವೇ ಬಂತು.

"ರಿಜೆಕ್ಟ್ ಆಗ್ಬಿಟ್ರೆ ಅಂತ ಭಯ ಆಯ್ತು," ಎಂದ.

ತೋಳು ಹಿಡಿದು ಒಳಗೆ ನೂಕಿದೆ.

ಮುಂದಿನ ಸೋಮವಾರ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. "ವೀರ್ಯಾಣು ಒಂದೂ ಇಲ್ಲ. ಜೊತೆಗೆ ಅವು ಬರೋ ದಾರೀಲಿ ಸೇರ್ಬೇಕಾದ ಪ್ರೋಟೀನೂ ಇಲ್ಲ. ಅಂದ್ರೆ ದಾರಿ ಕಟ್ಕೊಂಡಿರ್ಬೇಕು, ಒಳಗೆ ತಯಾರಾಗ್ತಾ ಇರ್ಬಹುದು. ಆಪರೇಷನ್ ಇವರಿಗೆ ಮಾಡಿ ನೋಡೋಣ. ನಿಮಗೆ ಬೇಡ."

"ಮೇಡಂ, ಇವರು ಮೊದಲನೇ ಸಲವೇ ನೆಟ್ಟಗೆ ಕೊಟ್ಟಿದ್ರೆ?"

"ಅವತ್ತೇ ಗೊತ್ತಾಗ್ತಿತ್ತಮ್ಮ."

ಬಸ್ಸಿನಲ್ಲಿ ಅವನು ಮೆಲ್ಲಗೆ, "ಅಮ್ಮಂಗೆ ಹೇಳ್ಬೇಡ ಕಣೇ," ಎಂದ.

"ನೀವು ಹೇಳ್ತೀರೋ, ನಾನು ಹೇಳ್ಲೋ?"

ಮನೆಗೆ ಬಂದ ಕೂಡಲೇ ಅವನೇ ಹೇಳಿದ, ಹಣಮಂತನ ವಿಷಯವನ್ನೂ ಬಿಡದೆ. ಅತ್ತೆ ನನ್ನ ಕಡೆ ತಿರುಗುತ್ತಾರೆ, ಒಂದು ಮಾತು ಆಡುತ್ತಾರೆ ಎಂದು ಕಾದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಮಗನ ತಲೆ ಸವರಿದರು.

"ಪಾಪ ನನ್ ಮಗ! ಎಲ್ಡು ವರ್ಸ ಒಳಗೊಳಗೇ ಎಷ್ಟು ನೊಂದ್ಕೊಂಡ್ನೋ!"

ನಾನು ಅಡುಗೆಮನೆಗೆ ಹೋಗಿ ತಟ್ಟೆ ತೆಗೆದುಕೊಂಡೆ. ಅನ್ನ, ಸಾರು ಬಡಿಸಿಕೊಂಡು ಅವರಿಬ್ಬರ ಎದುರಿಗೇ ಬಂದು ಕೂತು ತುತ್ತು ಬಾಯಿಗಿಟ್ಟೆ.

"ಇವತ್ತು ಸೋಮವಾರ ಕಣಮ್ಮಿ!" ಎಂದರು ಅತ್ತೆ ಗಾಬರಿಯಾಗಿ.

"ಗೊತ್ತು ಅತ್ತೆ. ಇನ್ಮೇಲೆ ಉಪವಾಸ ನಿಮ್ ಮಗಂದು."