ನಾನು ನೇರ ಮಾಡಿದ ಗೆರೆ

ಎಲ್ಲಿಂದ ಶುರು ಮಾಡಲಿ? ಡಾಕ್ಟರಿಂದ ಶುರು ಮಾಡಿದರೆ ಅವರ ಮೇಲೆ ದೂರು ಹೇಳಿದಂತಾಗುತ್ತದೆ. ಔಷಧದ ಅಂಗಡಿಯಿಂದ ಶುರು ಮಾಡಿದರೆ ಅಲ್ಲಿಯ ಹೆಂಗಸಿನ ಮೇಲೆ. ನನ್ನಿಂದ ಶುರು ಮಾಡುವುದೇ ನ್ಯಾಯ, ಅದಕ್ಕೆ ಇನ್ನೂ ಧೈರ್ಯ ಬಂದಿಲ್ಲ. ಸದ್ಯಕ್ಕೆ ಅಕ್ಕನ ಅಂಗೈಯಿಂದ ಶುರು ಮಾಡುತ್ತೇನೆ. ಅದರಲ್ಲಿ ಎರಡು ಬಿಳಿ ಮಾತ್ರೆಗಳಿವೆ. ನುಂಗಲು ನೀರು ಬೇಕು. ನೀರಿನ ಲೋಟ ನನ್ನ ಹತ್ತಿರ ಇದೆ. ನಾನು ಕೊಡುತ್ತಿಲ್ಲ.

(ಒಳ್ಳೆಯ ಆರಂಭ ಅಂತ ನನಗೂ ಅನ್ನಿಸಿತು. ಅದಕ್ಕೇ ಅನುಮಾನ.)

೧

ಅಕ್ಕನ ಎದೆ ಈಚೆಗೆ ಸುಮ್ಮಸುಮ್ಮನೆ ಓಡುತ್ತದೆ. ಮೊನ್ನೆ ಬಚ್ಚಲ ಬಾಗಿಲಲ್ಲಿ ಕುಸಿದು ಕೂತಳು. ಇವತ್ತು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆ ಓಟ ತಗ್ಗಿಸಲು ಅವರೊಂದು ಮಾತ್ರೆಯ ಹೆಸರು ಹೇಳಿದರು. ಎಷ್ಟು ಅಂತ ಹೇಳುವಷ್ಟರಲ್ಲಿ ಅವರಿಗೆ ಫೋನ್ ಬಂತು, ಮಾತಾಡುತ್ತಲೇ ಚೀಟಿ ಬರೆದರು. ಬರೆದರು ಅನ್ನುವುದು ಗೌರವದ ಮಾತು. ಅದರಲ್ಲಿ ಓದಲು ಬರುವುದು ಮೇಲೆ ಅಚ್ಚಾದ ಅವರ ಹೆಸರೊಂದೇ. ಕೆಳಗಿನದೆಲ್ಲ ಕಾಗೆ ಕಾಲು, ಗುಬ್ಬಿ ಕಾಲು.

ಆ ಬರಹ ಓದಬಲ್ಲವನು ಲೋಕದಲ್ಲಿ ಒಬ್ಬನೇ, ಕ್ಲಿನಿಕ್ಕಿನ ಕೆಳಗಿನ ಅಂಗಡಿಯ ಕನ್ನಡಕದವನು. ಡಾಕ್ಟರು ಮಹಡಿಯಲ್ಲಿ ಬರೆಯುತ್ತಾರೆ, ಅವನು ಕೆಳಗೆ ಓದುತ್ತಾನೆ. ಎಷ್ಟೋ ವರ್ಷಗಳಿಂದ ಹೀಗೇ ಸಂಸಾರ ನಡೆದಿದೆ. ಇವತ್ತು ಅಂಗಡಿಗೆ ಬೀಗ.

೨

ಈಗ ನಾನು ಬರುತ್ತೇನೆ, ತಪ್ಪಿಸಿಕೊಳ್ಳಲಾಗದು. ರಾತ್ರಿ ಶಾಲೆಯಲ್ಲಿ ಮೇಷ್ಟ್ರು ಹೇಳುತ್ತಿದ್ದರು: ಕೈಗೆ ಸಿಕ್ಕ ಕಾಗದವನ್ನೆಲ್ಲ ಅಂದವಾಗಿ ನಕಲು ಮಾಡಿ, ಗೆರೆ ನೇರ ಇರಲಿ. ಮಕ್ಕಳ ಮದುವೆಯಾದ ಮೇಲೆ ಅಕ್ಷರ ಕಲಿತವಳು ನಾನು, ಆ ಮಾತು ಮೂಳೆಗೆ ಇಳಿದಿದೆ. ಕರೆಂಟ್ ಬಿಲ್ಲನ್ನೂ ನಕಲು ಮಾಡುತ್ತೇನೆ. ಬಸ್ಸಿಗೆ ಕಾಯುತ್ತಾ ಡಾಕ್ಟರ ಚೀಟಿಯನ್ನೂ ಮಾಡಿದೆ. ಮಾತ್ರೆಯ ಹೆಸರು, ಆಮೇಲೆ ಒಂದು, ಒಂದು ಗೆರೆ, ಎರಡು. ಗೆರೆಯನ್ನು ನೇರವಾಗಿ, ಅಡ್ಡಕ್ಕೆ ಎಳೆದೆ.

ನಮ್ಮ ಬೀದಿಯ ಔಷಧದ ಅಂಗಡಿಯಾಕೆ ಡಾಕ್ಟರ ಚೀಟಿಯನ್ನು ಹೀಗೂ ಹಾಗೂ ತಿರುಗಿಸಿದಳು.

"ಅಜ್ಜಿ, ಇದ್ಯಾವ ಭಾಷೆ?"

ಜೊತೆಗೆ ಮಡಚಿಟ್ಟಿದ್ದ ನನ್ನ ನಕಲು ಅವಳ ಕಣ್ಣಿಗೆ ಬಿತ್ತು.

"ಇದನ್ನ ಯಾರು ಬರೆದಿದ್ದು? ಮುತ್ತು ಪೋಣಿಸಿದ ಹಾಗಿದೆ."

ನಾನು ಉಬ್ಬಿಹೋದೆ. ಅವಳು ನನ್ನ ಮುತ್ತುಗಳನ್ನು ನೋಡಿ ಮಾತ್ರೆ ಕೊಟ್ಟಳು, ಕವರಿನ ಮೇಲೆ ಬರೆದಳು: ಬೆಳಿಗ್ಗೆ ಒಂದು, ರಾತ್ರಿ ಎರಡು.

ಮನೆಗೆ ಬಂದು ಮೂಲ ಚೀಟಿ ನೋಡಿದರೆ ಆ ಗೆರೆ ವಾಲಿದೆ. ವಾಲಿದ ಗೆರೆಯ ಆಚೆಗೊಂದು ಈಚೆಗೆರಡು ಇದ್ದರೆ ಅರ್ಧ ಅಂತ ಲೆಕ್ಕ. ಆದರೆ ಈ ಡಾಕ್ಟರು ಬರೆದದ್ದೆಲ್ಲ ವಾಲುತ್ತದೆ. ದಿನಕ್ಕೆ ಅರ್ಧವೋ, ಮೂರೋ? ಅರ್ಧ ಬೇಕಾದಲ್ಲಿ ಮೂರು ಹೋದರೆ ಎದೆ ಓಡುವುದನ್ನಷ್ಟೇ ಅಲ್ಲ, ನಡೆಯುವುದನ್ನೂ ಬಿಟ್ಟೀತು. ಮೂರು ಬೇಕಾದಲ್ಲಿ ಏನೂ ಹೋಗದಿದ್ದರೆ ಮತ್ತೆ ಬಚ್ಚಲ ಬಾಗಿಲು.

(ಸದ್ಯಕ್ಕೆ ಅರ್ಧ ಕೊಡಬಾರದೇ ಅನ್ನುತ್ತೀರಿ. ಅದೂ ಊಹೆಯೇ. ಇವತ್ತಿನ ನನ್ನ ಪಾಲಿನ ಊಹೆ ಮುಗಿದಿದೆ.)

ಕ್ಲಿನಿಕ್ಕಿಗೆ ಫೋನ್ ಮಾಡಿದೆ. "ಸರ್ ಆಪರೇಷನ್ನಲ್ಲಿದ್ದಾರೆ, ಫೋಟೊ ಕಳ್ಸಿ," ಅಂದಳು ಅಲ್ಲಿಯ ಹುಡುಗಿ. ಕಳಿಸಿದೆ.

"ನೀನೇ ಓದಿ ಹೇಳಮ್ಮ."

"ನಂಗೆ ಓದೋಕೆ ಬಂದಿದ್ರೆ ಕೆಳಗೆ ನಾನೇ ಅಂಗಡಿ ಇಡ್ತಿರ್ಲಿಲ್ವಾ ಅಜ್ಜಿ? ಸರ್‌ಗೆ ಕಳಿಸಿದೀನಿ. ನೋಡಿದ ತಕ್ಷಣ ಅವರೇ ಫೋನ್ ಮಾಡ್ತಾರೆ."

ಫೋನ್ ನಾನು ಬರೆಯುವ ಈ ಪುಸ್ತಕದ ಪಕ್ಕದಲ್ಲೇ ಇದೆ, ಇನ್ನೂ ಬಡಿದುಕೊಂಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕೈ ಸುಮ್ಮನಿದ್ದರೆ ಲೋಟ ಕೊಟ್ಟುಬಿಡುತ್ತದೆ.

೪

(ಮೂರನೆಯದನ್ನು ಹರಿದೆ. ಅದರಲ್ಲಿ ಅಕ್ಕ ಇರಲಿಲ್ಲ.)

"ಏನೇ ಅದು ಹರಿದಿದ್ದು?" ಅಂದಳು ಅಕ್ಕ.

"ಏನಿಲ್ಲ."

"ನನ್ನ ಸಾಯಿಸಿದ್ಯಾ?"

ಅಕ್ಕನಿಗೆ ಓದು ಬರುವುದಿಲ್ಲ. ಆದರೂ ಅವಳೆದುರು ಬರೆಯುವುದು ಕಷ್ಟ.

"ಸ್ವಲ್ಪ ಹೊತ್ತು ಅಷ್ಟೇ," ಅಂದೆ.

"ಸಾಯ್ಸೋದಾದ್ರೆ ಒಳ್ಳೆ ಬಟ್ಟೆ ಹಾಕ್ಸಿ ಸಾಯ್ಸು. ಈ ಹರಕು ಸ್ವೆಟರಲ್ಲಿ ಬೇಡ." ಅಂಗೈ ಚಾಚಿದಳು. "ನೀನು ಓದಿದೋಳು. ನೀನು ಎರಡು ಅಂತ ಬರೆದ್ಮೇಲೆ ಎರಡೇ. ನೀರು ಕೊಡು."

"ನಾನು ಬರೆದಿದ್ದೇ ತಪ್ಪಿರಬಹುದು ಅಕ್ಕ."

"ಇಷ್ಟು ಚೆನ್ನಾಗಿ ಬರೆದಿದೀಯಲ್ಲೇ."

ಅಂಗಡಿಯಾಕೆಯೂ ಇದನ್ನೇ ಹೇಳಿದ್ದು.

ಮುಕ್ತಾಯ, ಒಂದು: ಡಾಕ್ಟರು ಫೋನ್ ಮಾಡಿ "ಅರ್ಧ" ಅನ್ನುತ್ತಾರೆ. ಅಕ್ಕ ಮಾತ್ರೆಗಳನ್ನು ಕವರಿಗೆ ಹಾಕಿ ಬದುಕಿರುವವರೆಗೂ ನನ್ನನ್ನು ಆಡಿಕೊಳ್ಳುತ್ತಾಳೆ. (ನನಗೆ ಬೇಕಾದದ್ದು ಇದೇ. ಅದಕ್ಕೇ ಹೊಡೆದು ಹಾಕುತ್ತೇನೆ.)

ಮುಕ್ತಾಯ, ಇನ್ನೊಂದು: ಡಾಕ್ಟರು ತಮ್ಮದೇ ಚೀಟಿಯ ಫೋಟೊ ನೋಡಿ, "ಇದನ್ನ ಬರೆದಿದ್ದು ಯಾರ್ರೀ?" ಅನ್ನುತ್ತಾರೆ.

ಇದನ್ನು ಅಕ್ಕನಿಗೆ ಓದಿ ಹೇಳಿದೆ. ನಕ್ಕಳು. ನಗುತ್ತಲೇ ಇನ್ನೊಂದು ಕೈಯಲ್ಲಿ ಎದೆ ಹಿಡಿದುಕೊಂಡಳು.

"ಓಡ್ತಿದೆ ಕಣೇ."

ಮುಂದಿನ ನಂಬರ್ ಹಾಕಲು ಪುರುಸೊತ್ತಿಲ್ಲ

ಗೋಡೆ ಬಡಿದೆ. ಪಕ್ಕದ ಮನೆಯಾಕೆ ಕಾರಿನ ಕೀಲಿ ಹುಡುಕುತ್ತಿದ್ದಾಳೆ, ಇಲ್ಲಿಗೂ ಕೇಳಿಸುತ್ತಿದೆ. ಅಕ್ಕ ಮಾತ್ರೆಗಳನ್ನು ನನ್ನ ಪುಸ್ತಕದ ಮೇಲಿಟ್ಟು, "ತಗೋ, ನೀನೇ ಇಟ್ಕೊ, ಜಿಪುಣಿ," ಅಂದಳು. ಅವಳ ಮಣಿಕಟ್ಟು ಹಿಡಿದಿದ್ದೇನೆ. ನಾಡಿ ಬಲಗೈಗೇ ಸರಿಯಾಗಿ ಸಿಗುವುದು, ಹಾಗಾಗಿ ಎಡಗೈಯಲ್ಲಿ ಬರೆಯುತ್ತಿದ್ದೇನೆ. ಗೆರೆಗಳೆಲ್ಲ ವಾಲುತ್ತಿವೆ. ಮೇಷ್ಟ್ರು ನೋಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಡಾಕ್ಟರೂ ಹೀಗೇ ಬರೆಯುತ್ತಾರೇನೋ, ಒಂದು ಕೈ ಯಾರದೋ ನಾಡಿಯ ಮೇಲಿಟ್ಟು. ಇಲ್ಲ, ಅವರು ಫೋನಿನಲ್ಲಿದ್ದರು. ನಾನೇ ನೋಡಿದ್ದೇನೆ.

ಆಸ್ಪತ್ರೆಯಲ್ಲಿ ನನಗೆ ಮಾತು ಹೊರಡದಿದ್ದರೆ ಈ ಹಾಳೆಯನ್ನೇ ಯಾರ ಕೈಗಾದರೂ ಕೊಡುತ್ತೇನೆ. ಅಲ್ಲಿಯ ಓದುಗರೇ, ಅಕ್ಕ ಏನನ್ನೂ ನುಂಗಿಲ್ಲ. ನನಗೆ ಖಚಿತವಾಗಿ ಗೊತ್ತಿರುವುದು ಇಷ್ಟೇ. ಉಳಿದದ್ದು ಓದಲು ಬಾರದಿದ್ದರೆ ದಯವಿಟ್ಟು ಊಹಿಸಬೇಡಿ, ನೇರ ಮಾಡಬೇಡಿ, ಅಲ್ಲೇ ಬಾಗಿಲ ಹತ್ತಿರ ಇರುತ್ತೇನೆ, ನನ್ನನ್ನೇ ಕೇಳಿ