ನೀರಿಗೆ ದಾರಿ ಬಿಟ್ಟ ಗುಂಡಮ್ಮ

ಬಾಣಂತಿ ಕೋಣೆಯ ಬಾಗಿಲು ಮುಚ್ಚುತ್ತಿರಲಿಲ್ಲ.

ಬೀದರಿನ ಕೆಂಪು ಕಲ್ಲಿನ ನೆಲ ಮುಗಿದು ಕೆಳಗಿನ ಹೊಲಗಳಿಗೆ ಇಳಿಯುವ ಕಡೆ, ಇಳಿಜಾರಿಗೆ ಬೆನ್ನು ಕೊಟ್ಟು ಕೂತ ಇಪ್ಪತ್ತು ಮನೆಗಳ ಓಣಿಯೊಂದಿತ್ತು. ಅದರ ಕೊನೆಯ ಮನೆ ಗುಂಡಮ್ಮನದು. ರಜಾಕಾರರನ್ನು ಅಡಗಿಸಿದ ಪೊಲೀಸ್ ಕಾರ್ಯಾಚರಣೆ ಆದ ಮೇಲೆ ಅದು ಐದನೆಯ ಮಳೆಗಾಲ. ಮಗಳು ಶಿವಕಾಂತಾ ಭಾಲ್ಕಿಯ ಗಂಡನ ಮನೆಯಿಂದ ಹೆರಿಗೆಗೆ ಬಂದು, ಹಿಂದಿನ ಕೋಣೆಯಲ್ಲಿ ಹನ್ನೆರಡು ದಿನದ ಕೂಸಿನೊಂದಿಗೆ ಮಲಗಿದ್ದಳು. ಬಾಣಂತಿಗೆ ತಣ್ಣನೆಯ ಗಾಳಿ ಬಡಿಯಬಾರದು. ಅಂಥ ಹೊತ್ತಿನಲ್ಲೇ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡು ನಿಂತುಬಿಟ್ಟಿತ್ತು.

"ಮಳೀಗಿ ಕಟ್ಟಿಗಿ ಉಬ್ಬ್ಯಾದ," ಎಂದು ಗುಂಡಮ್ಮ ಬಡಿಗನನ್ನು ಕರೆಸಿದಳು. ಅವನು ಬಾಗಿಲ ಮೇಲಂಚು ಕೆರೆದು ಕೂಡಿಸಿ ಹೋದ. ಮೂರನೆಯ ದಿನಕ್ಕೆ ಅದು ಮತ್ತೆ ಅದೇ ಮೂಲೆಯಲ್ಲಿ ಸಿಕ್ಕಿಕೊಂಡಿತು.

ಗಂಡ ಹಾವಗೆಪ್ಪ ಮೆದು ಮಾತಿನ ಮನುಷ್ಯ. ಬಾಗಿಲನ್ನು ಬಿಟ್ಟು ಚೌಕಟ್ಟನ್ನೇ ದಿಟ್ಟಿಸಿ ನೋಡಿ, "ಬಾಗಿಲ ನೆಟ್ಟಗದ. ಗ್ವಾಡಿನೇ ವಾಲ್ಲತ್ತದ ಅನಸ್ತದ," ಎಂದ.

"ನಿಮಗ ಎಲ್ಲಾ ವಾಲಿದಂಗೇ ಕಾಣಸ್ತದ," ಎಂದು ಗುಂಡಮ್ಮ ಅವನ ಬಾಯಿ ಮುಚ್ಚಿಸಿದಳು.

ಅವಳಿಗೆ ಬೇರೊಂದು ಚಿಂತೆ ಇತ್ತು. ಹಿಂಗೋಡೆಯ ಬುಡದಿಂದ ನೀರು ಜಿನುಗಿ ಕೋಣೆಯ ನೆಲವೆಲ್ಲ ತೇವ ಹಿಡಿದಿತ್ತು. ಗುಂಡಮ್ಮ ಯಾರಿಗೂ ಕಾಯುವವಳಲ್ಲ. ಮಣ್ಣಿಗೆ ಹುಲ್ಲು ಕಲಸಿ ತುಳಿದು, ಕಲ್ಲು ಸೇರಿಸಿ, ಹಿತ್ತಲಲ್ಲಿ ನೀರು ಒಸರುವ ಬಾಯಿಗಳನ್ನೆಲ್ಲ ಗಟ್ಟಿಯಾಗಿ ಬಡಿದು ಮುಚ್ಚಿದಳು. ನೀರು ನಿಂತಿತು. ಆ ಖುಷಿಯನ್ನು ಓಣಿಯ ನಾಲ್ಕು ಮನೆಗೆ ಹೇಳಿಕೊಂಡೂ ಬಂದಳು.

ಓಣಿಯ ಬಾಯಲ್ಲಿ, ಗಟ್ಟಿ ನೆಲದ ಮೇಲೆ ಕೌಸಲ್ಯಾಬಾಯಿಯ ಮನೆ. ಅವಳ ಯಜಮಾನರು ಸಾಲಿ ಮಾಸ್ತರರು. ಗುಂಡಮ್ಮನ ಮಾತು ಕೇಳಿ ಕೌಸಲ್ಯಾಬಾಯಿಯ ಮುಖ ಸಣ್ಣದಾಯಿತು.

"ಅಗಂಬಾಯಿ! ನೀರು ಮುಚ್ಚಿದಿ ಖರೇ, ಅದು ಈಗ ಎಲ್ಲಿ ಹೋಗ್ಬೇಕು? ಒಮ್ಮೆ ಬಲ್ದಿಯಾದವರಿಗಿ ತೋರಿಸು," ಎಂದಳು. ಊರ ನಗರಸಭೆಗೆ ಜನ ಆಗಿನ್ನೂ ಬಲ್ದಿಯಾ ಎಂದೇ ಅನ್ನುತ್ತಿದ್ದರು.

"ನನ್ನ ಮನಿ ನೀರಿಗಿ ಬಲ್ದಿಯಾ ಯಾಕ ಬೇಕು?" ಎಂದು ಗುಂಡಮ್ಮ ಎದ್ದು ಬಂದಳು.

ಕೌಸಲ್ಯಾಬಾಯಿ ಅಷ್ಟಕ್ಕೇ ಬಿಡಲಿಲ್ಲ. ಮರುದಿನ ಮಾಸ್ತರರ ಕೈಲಿ ಬಲ್ದಿಯಾಕ್ಕೆ ಸುದ್ದಿ ಮುಟ್ಟಿಸಿದಳು. ಮಧ್ಯಾಹ್ನಕ್ಕೆ ಗುಂಡಮ್ಮನ ಅಂಗಳದಲ್ಲಿ, ನೆರೆತ ಗಡ್ಡದ ತೆಳ್ಳನೆಯ ಮನುಷ್ಯನೊಬ್ಬ ಛತ್ರಿ ಮಡಚಿಕೊಂಡು ನಿಂತಿದ್ದ.

"ಶರಣ್ರಿ ಅಕ್ಕಾ. ನಾ ಅಬ್ದುಲ ಮಜೀದ. ಜನವಾಡದವ. ಬಲ್ದಿಯಾದಾಗ ಮೇಸ್ತ್ರಿ ಇದ್ದೀನಿ. ಹಿಂದಿನ ದಿಬ್ಬ ಜರಾ ನೋಡ್ತೇನಿ ರೀ."

ಹಾವಗೆಪ್ಪ ಅವನನ್ನು ಮೇಲಕ್ಕೆ ಕರೆದೊಯ್ದ. ಗುಂಡಮ್ಮ ಸೆರಗು ಬಿಗಿದುಕೊಂಡು ಹಿಂದೆಯೇ ಹತ್ತಿದಳು.

ಮೇಲೆ ಗಂಡ ಹೆಂಡತಿ ಕೂಡಿ ಹಚ್ಚಿದ ಹನ್ನೊಂದು ಪೇರಲ ಗಿಡಗಳಿದ್ದವು. ಅವುಗಳ ನಡುವೆ ಆಳುದ್ದದ ದೊಡ್ಡ ಕುಣಿ. ಬೇಸಿಗೆಯಲ್ಲಿ ಗಿಡಗಳಿಗೆ ನೀರಿರಲಿ ಎಂದು ಇಬ್ಬರೇ ಎರಡು ವರ್ಷ ಅಗೆದ ಕುಣಿ ಅದು. ಈಗ ತುಂಬಿ ತುಳುಕುತ್ತಿತ್ತು.

"ಈ ನೀರು ಎಷ್ಟು ದಿನ ನಿಲ್ತದ ರೀ?" ಎಂದು ಮಜೀದ ಕೇಳಿದ.

"ಮೊದಲ ತಿಂಗಳುಗಟ್ಲೆ ನಿಲ್ತಿತ್ತು. ಈ ವರ್ಷ ಮಳಿ ಬಿಟ್ಟ್ರ ಎರಡು ದಿನಕ್ಕ ಖಾಲಿ. ಗಿಡ ದೊಡ್ಡವಾಗ್ಯಾವ, ಕುಡೀತಾವ ಅಂದ್ಕೊಂಡಿದ್ದೆ," ಎಂದ ಹಾವಗೆಪ್ಪ.

"ಹನ್ನೊಂದು ಗಿಡ ಇಷ್ಟು ನೀರು ಕುಡೀತಾವೇನ್ರಿ?"

ಮಜೀದ ಕುಣಿಯಿಂದ ಹತ್ತು ಹೆಜ್ಜೆ ಆಚೆ ಹೋಗಿ ಹುಲ್ಲು ಸರಿಸಿದ. ನೆಲ ಸೀಳಿತ್ತು. ಸೀಳು ಕುಡುಗೋಲಿನ ಹಾಗೆ ಬಾಗಿ, ಗಿಡಗಳನ್ನೂ ಕುಣಿಯನ್ನೂ ಒಳಗೆ ಹಾಕಿಕೊಂಡು ಎರಡೂ ಕಡೆಗೆ ಇಳಿದಿತ್ತು. ಅದರೊಳಗೆ ಛತ್ರಿ ಇಳಿಸಿದರೆ ಹಿಡಿಕೆಯವರೆಗೂ ಹೋಯಿತು.

"ಕುಣಿ ನೀರು ಒಳಗ ಇಳಿದು ಈ ತುಂಡು ನೆಲ ಕೆಳಗ ಸರೀಲತ್ತದ ಅಕ್ಕಾ," ಎಂದ ಮಜೀದ. "ಇದರ ಕಾಲಬುಡಕ್ಕ ನಿಮ್ಮ ಮನಿ ಅದ. ಮೂರು ಕೆಲಸ ಆಗ್ಬೇಕು. ಈ ಕುಣಿ ಒಡೀಬೇಕು. ಸೀಳಿನ ಮ್ಯಾಲ ಕಾಲುವಿ ಕಡಿದು ಮಳಿ ನೀರನ್ನ ಆಚಿ ಹಳ್ಳಕ್ಕ ತಿರುಗಿಸ್ಬೇಕು. ಕೆಳಗ ನೀವು ಮುಚ್ಚಿದ ಬಾಯಿ ಬಿಚ್ಚಿ, ನಿಮ್ಮ ಅಂಗಳದಾಗ ಹಾಯಿಸಿ ನೀರು ಹೊರಗ ಬಿಡ್ಬೇಕು. ಅಲ್ಲೀತನಕ ಮನಿ ಖಾಲಿ ಮಾಡ್ರಿ."

ಕೊನೆಯ ಮಾತಿಗೆ ಗುಂಡಮ್ಮನ ಮೈ ಉರಿಯಿತು.

"ಮನಿ ಖಾಲಿ ಮಾಡ್ರಿ ಅಂದವರ ಮಾತು ಒಂದ್ ಸಲ ಕೇಳೇವಿ! ರಜಾಕಾರರ ಗದ್ದಲದಾಗ ಉಟ್ಟ ಬಟ್ಟಿ ಮ್ಯಾಲ ಓಡಿದೆವು. ಸೊಲ್ಲಾಪುರದ ಕಡಿ ಕ್ಯಾಂಪಿನಾಗ ಹನ್ನೊಂದು ತಿಂಗಳು ತಗಡಿನ ಕೆಳಗ ಕೂತೆವು. ತಿರುಗಿ ಬಂದ್ರ ಬಾಗಿಲಿಲ್ಲ, ಚೌಕಟ್ಟಿಲ್ಲ. ಈ ಕುಣಿ, ಈ ಗಿಡ, ಎಲ್ಲಾ ಆಮ್ಯಾಲ ಈ ಕೈಲೆ ಮಾಡಿದ್ದು. ಒಡೀರಿ ಅಂದ್ರ ಒಡೀಲೇನು? ಬಾಣಂತಿನ ಮಳ್ಯಾಗ ಎಲ್ಲಿ ಇಡ್ಲಿ?"

ಮಜೀದ ಮೆಲ್ಲಗೆ ಹೇಳಿದ. "ನಾನೂ ಮನಿ ಬಿಟ್ಟವನೇ ಅಕ್ಕಾ. ನೀವು ತಿರುಗಿ ಬಂದ್ರಲ್ಲ, ಆ ಹೊತ್ತಿನಾಗ ನಮ್ಮವರ ಮ್ಯಾಲ ಗದ್ದಲ ಎದ್ದು, ನಾ ಮಕ್ಕಳನ್ನ ಕಟ್ಕೊಂಡು ಜನವಾಡ ಬಿಟ್ಟೆ. ನನ್ನ ತಮ್ಮ ಸಿಗ್ಲೇ ಇಲ್ಲ. ಮನಿ ಬಿಡೋದು ಅಂದ್ರ ಏನಂತ ನನಗೂ ಗೊತ್ತದ. ಆದ್ರ ಇದು ಅಂಥಾದ್ದಲ್ಲ. ಎಂಟ್ ದಿನ ಬಿಡ್ರಿ. ಕೀಲಿ ನಿಮ್ಮ ಕೈಯಾಗೇ ಇರ್ಲಿ."

ಈ ಮನುಷ್ಯನ ದುಃಖ ಗುಂಡಮ್ಮ ನೆನೆಸಿದ್ದಲ್ಲ. ಆದರೂ ಸೋಲಲು ಮನಸ್ಸಿಲ್ಲ.

"ದಿಬ್ಬ ಇಷ್ಟು ವರ್ಷ ನಿಂತದ. ಈಗ ಯಾಕ ಸರೀತದ?"

ಮಜೀದ ಅಂಗಳಕ್ಕೆ ಇಳಿದು ಒಂದು ಹಲಗೆ ಕೇಳಿ ಇಸಿದುಕೊಂಡ. ಹಿತ್ತಲಿನ ಹಳದಿ ಜೇಡಿಮಣ್ಣನ್ನು ಅದರ ಮೇಲೆ ತೆಳ್ಳಗೆ ಸವರಿ, ಕೆಂಪು ಕಲ್ಲೊಂದನ್ನು ಇಟ್ಟು, ಹಲಗೆಯನ್ನು ಗೋಡೆಗೆ ಓರೆಯಾಗಿ ಆನಿಸಿದ. ಕಲ್ಲು ನಿಂತಿತು.

"ಮ್ಯಾಲಿನ ಕೆಂಪು ಕಲ್ಲು ಜರಡಿ ಇದ್ದಂಗ. ಸಾವಿರ ತೂತು. ನೀರು ಎಲ್ಲಾ ಇಳೀತದ. ಕೆಳಗ ಈ ಜೇಡಿ ಅದ, ಇದು ನೀರು ಬಿಡಂಗಿಲ್ಲ. ಈಗ ನೀವೇ ಒಂದು ತಂಬಿಗಿ ನೀರು ಹಾಕ್ರಿ, ಸಾವಕಾಶ."

ಗುಂಡಮ್ಮ ನೀರು ಹಾಕಿದಳು. ಅರ್ಧ ತಂಬಿಗೆಗೆ ಏನೂ ಆಗಲಿಲ್ಲ. ಅವಳು ಗೆದ್ದವಳಂತೆ ತಲೆ ಎತ್ತಿದಳು. ಇನ್ನಷ್ಟು ಹಾಕುವಷ್ಟರಲ್ಲಿ ಕಲ್ಲು ಜಾರಿ ಬಂದು ಅವಳ ಕಾಲ ಬೆರಳಿನ ಹತ್ತಿರ ಬಿತ್ತು.

ಒಳಗಿನಿಂದ ಶಿವಕಾಂತಾ, "ಏನಾಯ್ತವ್ವಾ?" ಎಂದಳು.

"ಏನಿಲ್ಲ, ಮಲ್ಕೋ," ಎಂದಳು ಗುಂಡಮ್ಮ. ಬಾಗಿ ಕಲ್ಲು ಎತ್ತಿ ಬದಿಗಿಟ್ಟಳು. ಆದರೂ ಮಜೀದನಿಗೆ ಹೇಳಿದಳು: "ಇದು ಹಲಗಿ. ಅದು ದಿಬ್ಬ."

ಮಜೀದ ನಕ್ಕ. "ಹಾಂಗಾದ್ರ ದಿಬ್ಬನೇ ಹೇಳ್ಲಿ. ಆದ್ರ ಒಂದು ಮಾತು ಕೇಳ್ರಿ. ಇವತ್ತು ಬಾಣಂತಿನ ಆ ಕೋಣ್ಯಾಗ ಮಲಗಿಸ್ಬ್ಯಾಡ್ರಿ, ಮುಂದಿನ ಪಡಸಾಲ್ಯಾಗ ಮಲಗಿಸ್ರಿ." ಮತ್ತೆ ಮೇಲೆ ಹತ್ತಿ, ಸೀಳಿನ ಈಚೆಗೊಂದು ಆಚೆಗೊಂದು ಗೂಟ ಬಡಿದು, ನಡುವಿನ ಅಂತರಕ್ಕೆ ಸರಿಯಾಗಿ ಒಂದು ಕೋಲು ಕಡಿದು ಗುಂಡಮ್ಮನ ಕೈಗೇ ಕೊಟ್ಟ. "ಮುಂಜಾನಿ ನೀವೇ ಅಳೀರಿ. ಕೋಲು ಕೂತ್ರ ನಾ ಈ ಕಡಿ ಬರಂಗಿಲ್ಲ."

ಆ ರಾತ್ರಿ ಗುಂಡಮ್ಮ ಮಗಳನ್ನೂ ಕೂಸನ್ನೂ ಪಡಸಾಲೆಯಲ್ಲೇ ಮಲಗಿಸಿದಳು. ಬೆಳಕು ಹರಿಯುತ್ತಲೇ ಕೋಲು ಹಿಡಿದು ಹತ್ತಿದಳು. ಕೋಲು ಎರಡೂ ಗೂಟಗಳಿಗೆ ಮುಟ್ಟಲಿಲ್ಲ. ನಾಲ್ಕು ಬೆರಳು ಕಮ್ಮಿ ಬಿತ್ತು. ತಪ್ಪಿ ಹಿಡಿದೆನೇನೋ ಎಂದು ಮತ್ತೆ ಅಳೆದಳು. ನಾಲ್ಕು ಬೆರಳೇ. ಕೆಳಗೆ ತನ್ನ ಮನೆಯ ಹೆಂಚು ಕಾಣುತ್ತಿತ್ತು. ಹಿಂದಿನ ಕೋಣೆಯ ನೇರಕ್ಕೆ ತಾನು ನಿಂತಿದ್ದೇನೆ, ಕಾಲ ಕೆಳಗಿನ ಈ ನೆಲವೇ ಆ ಕೋಣೆಯ ಕಡೆ ಹೊರಟಿದೆ ಎಂಬುದು ಆಗ ಅವಳಿಗೆ ಹೊಳೆಯಿತು.

ಅಲ್ಲಿಂದ ಇಳಿದವಳು ಮೊದಲು ಹೋದದ್ದು ಕೌಸಲ್ಯಾಬಾಯಿಯ ಮನೆಗೆ.

"ಕೌಸಲ್ಯಾ, ನಿಮ್ಮ ಮನ್ಯಾಗ ಒಂದು ಕ್ವಾಣಿ..."

ಮಾತು ಮುಗಿಯಲಿಲ್ಲ. "ನಿನ್ನೆನೇ ಸಾರಿಸಿ ಇಟ್ಟೀನಿ. ಕೆಂಡ ಹಾಕ್ತೇನಿ, ಕರ್ಕೊಂಡು ಬಾ," ಎಂದಳು ಕೌಸಲ್ಯಾಬಾಯಿ.

ಬಾಣಂತಿಯನ್ನು ಕಂಬಳಿ ಹೊದಿಸಿ ಮಂಚದ ಸಮೇತ ನಾಲ್ಕು ಆಳುಗಳು ಎತ್ತಿಕೊಂಡು ಹೋದರು. ಕೂಸು ಗುಂಡಮ್ಮನ ಎದೆಗಿತ್ತು. ಸುದ್ದಿ ಕೇಳಿ ಓಡಿ ಬಂದಿದ್ದ ಮಜೀದ ತಾನು ನೆನೆಯುತ್ತ ಛತ್ರಿಯನ್ನು ಅವಳ ತಲೆಯ ಮೇಲೆ ಹಿಡಿದುಕೊಂಡು ಬಂದ. ಅಂದೇ ಬಲ್ದಿಯಾದ ಸದಸ್ಯರು ತುರ್ತಾಗಿ ಕೂಡಿ, ರಸ್ತೆ ಕೆಲಸದ ಮಂದಿಯನ್ನೆಲ್ಲ ಇತ್ತ ಕಳಿಸಿದರು. ಓಣಿಯವರೂ ಗುದ್ದಲಿ, ಬುಟ್ಟಿ ಹಿಡಿದು ಬಂದರು.

ಕುಣಿಯ ಹತ್ತಿರ ಬಂದಾಗ ಆಳುಗಳು ಗುಂಡಮ್ಮನ ಮುಖ ನೋಡಿ ನಿಂತರು. ಅವಳು ಹಾವಗೆಪ್ಪನ ಕೈಯಿಂದ ಗುದ್ದಲಿ ಇಸಿದುಕೊಂಡಳು.

"ನಾವೇ ಅಗದದ್ದು. ನಾವೇ ಒಡೀತೇವಿ."

ಮೂರು ಏಟಿಗೆ ದಂಡೆ ಕಡಿಯಿತು. ನೀರು ಆಳುಗಳು ಬದಿಯಲ್ಲಿ ಕಡಿದಿಟ್ಟ ಕಿರುಗಾಲುವೆ ಹಿಡಿದು ಹಳ್ಳದ ಕಡೆ ಓಡಿತು. ಹಾವಗೆಪ್ಪ ಮುಖ ಆಚೆ ತಿರುಗಿಸಿದ. ಗುಂಡಮ್ಮ ಅದು ಬರಿದಾಗುವ ತನಕ ನೋಡುತ್ತ ನಿಂತಿದ್ದಳು.

ಎರಡು ದಿನ ಕೆಲಸ ನಡೆಯಿತು. ಸೀಳಿನ ಮೇಲುಗಡೆ ಅಡ್ಡಕ್ಕೆ ಕಾಲುವೆ ಬಿತ್ತು. ಅದರಲ್ಲಿ ನೀರು ಇಂಗದಂತೆ ಜೇಡಿ ಮೆತ್ತಿದರು. ಸೀಳಿಗೆ ಜೇಡಿ ತುಂಬಿ ದಿಮ್ಮಸಿನಿಂದ ಬಡಿದರು. ಕೊನೆಗೆ ಗುಂಡಮ್ಮ ಮುಚ್ಚಿದ ಬಾಯಿಗಳ ಸರದಿ. ಮಜೀದ ಎಲ್ಲರನ್ನೂ ದೂರ ಸರಿಸಿ, ಪಕ್ಕಕ್ಕೆ ನಿಂತು, ಉದ್ದನೆಯ ಹಾರೆಯಿಂದ ಮಣ್ಣು ಮೀಟಿದ. ಬೆಲ್ಲದ ನೀರಿನಂಥ ಕೆಂಪು ನೀರು ಭುಸ್ಸೆಂದು ಹಾರಿತು. ಊಟದ ಹೊತ್ತು ಕಳೆದರೂ ಅದರ ಜೋರು ಇಳಿಯಲಿಲ್ಲ.

"ಯಪ್ಪಾ! ಇಷ್ಟು ನೀರು ಒಳಗಿತ್ತಾ?" ಎಂದಳು ಗುಂಡಮ್ಮ.

"ನೀವು ಬಾಗಿಲ ಹಾಕಿದ್ರಿ. ಅದು ಒಳಗಿಂದ ದಬ್ಬಲತ್ತಿತ್ತು," ಎಂದ ಮಜೀದ.

ಅಂಗಳದ ಉದ್ದಕ್ಕೂ ತಗ್ಗು ತೋಡಿ ಒಡೆದ ಕಲ್ಲು ತುಂಬಿ, ಆ ನೀರಿಗೆ ಹೊರಗಿನ ದಾರಿ ಮಾಡಿದರು. ಗುಂಡಮ್ಮನ ಕೊಟ್ಟಿಗೆಯ ಎಮ್ಮೆ, ಕರುಗಳನ್ನು ಕೌಸಲ್ಯಾಬಾಯಿಯ ಅಂಗಳಕ್ಕೆ ಕಟ್ಟಿದರು.

ಮೂರನೆಯ ದಿನ ಮುಂಜಾನೆ ಹಿಡಿದ ಮಳೆ ಸಂಜೆವರೆಗೂ ಬಿಡಲಿಲ್ಲ. ನಡು ಮಧ್ಯಾಹ್ನ ಓಣಿಯ ಕೊನೆಯಿಂದ ಭಾರವಾದ ಸದ್ದು ಬಂತು. ಶಿವಕಾಂತಾ ಕೂಸನ್ನು ಅಪ್ಪಿಕೊಂಡಳು. ಗುಂಡಮ್ಮ ಹೊಸ್ತಿಲು ದಾಟಿ ಓಡಿದಳು. ಹಾವಗೆಪ್ಪ ಅವಳ ರಟ್ಟೆ ಹಿಡಿದು ನಿಲ್ಲಿಸಿದ. ಅವನು ಅಷ್ಟು ಗಟ್ಟಿಯಾಗಿ ಅವಳನ್ನು ಎಂದೂ ಹಿಡಿದಿರಲಿಲ್ಲ.

ಮಳೆ ನಿಂತ ಮೇಲೆ ಮಜೀದ ನೋಡಿ ಬಂದ. ಮೊಣಕಾಲ ತನಕ ಕೆಸರು, ಆದರೆ ಮುಖ ಅರಳಿತ್ತು.

"ದನದ ಕೊಟ್ಟಿಗಿ ಗ್ವಾಡಿ ಬಿತ್ತು, ಮೂರು ಪೇರಲ ಗಿಡ ಬಿದ್ವು. ಮನಿ ನಿಂತದ ಅಕ್ಕಾ. ಇವತ್ತು ಇಷ್ಟು ಮಳಿಗೂ ದಿಬ್ಬ ಒಂದೇ ಬೆರಳು ಸರದದ. ಕಾಲುವಿ ತುಂಬಿ ಹರೀಲತ್ತದ."

ಗುಂಡಮ್ಮ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಕೌಸಲ್ಯಾ, ಈ ಮನುಷ್ಯ ಮುಂಜಾನಿಂದ ಏನೂ ತಿಂದಿಲ್ಲ. ಬಿಸಿ ರೊಟ್ಟಿ ಹಾಕು," ಎಂದಳು.

ನಾಲ್ಕನೆಯ ದಿನ ಅರ್ಧ ಬೆರಳು. ಐದನೆಯ ದಿನ ಏನೂ ಇಲ್ಲ, ಆರನೆಯ ದಿನವೂ ಇಲ್ಲ. ಎಂಟು ದಿನ ಅಂದದ್ದು ಹನ್ನೊಂದು ದಿನ ಆಯಿತು. ಮಜೀದ ಗೋಡೆಗೋಡೆ ನೋಡಿ ಒಪ್ಪಿದ ಮೇಲೆ ಅವರು ಮನೆಗೆ ತಿರುಗಿದರು. ಹಿಂದಿನ ಕೋಣೆಯಲ್ಲಿ ಮಾತ್ರ ಆ ಮಳೆಗಾಲ ಮುಗಿಯುವ ತನಕ ಯಾರೂ ಮಲಗಲಿಲ್ಲ. ಕೂಸಿನ ತೊಟ್ಟಿಲು ಪಡಸಾಲೆಯ ತೊಲೆಗೆ ತೂಗಿತು. ಮನೆಗೆ ತಿರುಗಿದ ದಿನವೇ ಓಣಿಯ ಹೆಂಗಸರೆಲ್ಲ ಸೇರಿ ಹೆಸರಿಟ್ಟು, ಮಜೀದನ ಮನೆಗೂ ಬೇಯಿಸಿದ ಕಾಳಿನ ಗುಗ್ಗರಿ ಕಳಿಸಿದರು.

ಮಜೀದ ಹೊರಡುವಾಗ ಒಂದು ಮಾತು ಹೇಳಿ ಹೋಗಿದ್ದ: "ದಿಬ್ಬ ನಿಂತದ ಅಂತ ಮರೀಬ್ಯಾಡ್ರಿ. ಕಾಲುವ್ಯಾಗ ಕಸ ತುಂಬಿದ್ರ ಮತ್ತ ಸರೀತದ." ಅಂದಿನಿಂದ ಪ್ರತಿ ವರ್ಷ ಮುಂಗಾರಿನ ಆರಂಭದ ಮಿರಗದ ಮಳೆಗೆ ಮೊದಲೇ ಗುಂಡಮ್ಮ ಓಣಿಯವರನ್ನು ಎಬ್ಬಿಸಿಕೊಂಡು ಹೋಗಿ ಕಾಲುವೆಯ ಕಸ ತೆಗೆಸುತ್ತಿದ್ದಳು. ಬರಲ್ಲ ಅಂದವರ ಮನೆ ಮುಂದೆ ನಿಂತು ಬರುವ ತನಕ ಕರೆಯುತ್ತಿದ್ದಳು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿಸಿ ಕೇಳುತ್ತಿರುವ ಹಿರಿಯರೇ, ನಿಮ್ಮ ಮನೆಯೂ ದಿಬ್ಬದ ಕೆಳಗೆ, ಇಳಿಜಾರಿನ ಬುಡದಲ್ಲಿ ಇದ್ದೀತು. ಬಾಗಿಲು ಸುಮ್ಮನೆ ಸಿಕ್ಕಿಕೊಳ್ಳುತ್ತಿದ್ದರೆ, ಗೋಡೆ ಹೊಸದಾಗಿ ಬಿರಿದರೆ, ಗಿಡಗಳು ವಾಲಿದರೆ, ಹಿಂದೆ ಇಲ್ಲದ ಕಡೆ ನೀರು ಒಸರಿದರೆ ಅದನ್ನು ಮಳೆಯ ಮೇಲೆ ಹಾಕಿ ಸುಮ್ಮನಾಗಬೇಡಿ. ಒಸರುವ ನೀರನ್ನು ಮುಚ್ಚಬೇಡಿ, ದಿಬ್ಬದ ಮೇಲೆ ನೀರು ನಿಲ್ಲಿಸಬೇಡಿ. ಊರಿನ ನಗರಸಭೆಗೋ ಪಂಚಾಯಿತಿಗೋ ಅಂದೇ ತಿಳಿಸಿ. ಅವರು ಕಾಲುವೆ ಕಡಿಯಲು ಬಂದರೆ ಅಂಗಳ ಬಿಟ್ಟುಕೊಡಿ, ಮನೆ ಬಿಡಿ ಅಂದರೆ ಮಕ್ಕಳನ್ನೂ ಬಾಣಂತಿಯರನ್ನೂ ಮುದುಕರನ್ನೂ ಮೊದಲು ಕಳಿಸಿ. ಗೋಡೆ ಬಿದ್ದರೆ ಮತ್ತೆ ಕಟ್ಟಬಹುದು.

ಮಳೆ ಹಿಡಿಯುವ ತನಕ ಕಾಯಬೇಡಿ. ಇವತ್ತೇ ಒಮ್ಮೆ ಮನೆಯ ಹಿಂದಕ್ಕೆ ಹೋಗಿ ನೋಡಿ ಬನ್ನಿ.