ಬಾಲಣ್ಣನ ಸ್ಟೀರಿಂಗು

"ಚಾಬಿ ಇತ್ಲಾಗಿ ಕೊಡಿ," ಎಂದವನೇ ಗುರುಪ್ರಸಾದ ಓಂಕಾರಪ್ಪನ ಕೈಯಿಂದ ಪಿಕಪ್ಪಿನ ಚಾಬಿಯನ್ನು ಕಿತ್ತುಕೊಂಡ. ಕೇಳಿ ತೆಗೆದುಕೊಳ್ಳಬಹುದಿತ್ತು. ಕೇಳಿದ್ದರೆ ಆ ಮನುಷ್ಯ ಕೊಡುತ್ತಲೂ ಇದ್ದ. ಆದರೆ ಅಣ್ಣನ ಗಾಡಿಯ ಎರಡನೇ ಚಾಬಿ ಒಡಹುಟ್ಟಿದ ತಮ್ಮನ ಹತ್ತಿರ ಇಲ್ಲದೆ, ಎಲ್ಲಿಯದೋ ರಾಣೆಬೆನ್ನೂರಿನ ಈ ರಿಟೈರ್ಡ್ ರೈಲ್ವೆ ಗುಮಾಸ್ತನ ಅಂಗಿ ಜೇಬಿನಿಂದ ಹೊರಬಂದದ್ದನ್ನು ಕಂಡು ಅವನ ಮೈಯೆಲ್ಲ ಉರಿದುಹೋಗಿತ್ತು. ಹೊಟ್ಟೆಕಿಚ್ಚಿಗೆ ಸೂತಕ ಗೀತಕ ಏನೂ ಇಲ್ಲ ನೋಡಿ. ಸತ್ತ ಮನೆಯಲ್ಲೂ ಅದಕ್ಕೆ ಕೂರಲು ಮಣೆ ಬೇಕು.

ಬಂಗಾಳಿಗಳ ಈ ಊರಿನಲ್ಲಿ, ಲೇಕ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಕೆಳಗೆ ಹೋಟೆಲು, ಮೇಲೆ ಮನೆ. ಬೆಳಗಿನ ಜಾವ ಇಡ್ಲಿ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆಯಲು ಬಗ್ಗಿದ ಅಣ್ಣ ಬಾಲಚಂದ್ರ ಹಾಗೇ ಕುಸಿದು ಕೂತವನು ಮತ್ತೆ ಏಳಲಿಲ್ಲ. ಅರವತ್ತೆಂಟು ಅವನಿಗೆ. ಈಗ ಮೇಲಿನ ನಡುಮನೆಯಲ್ಲಿ ಮಲಗಿದ್ದ. ಡಾಕ್ಟರು ಬಂದು ಕಾಗದ ಬರೆದುಕೊಡುವ ತನಕ ಹೊರಡುವ ಹಾಗಿರಲಿಲ್ಲ.

"ಗಾಡೀಲೇ ಕರ್ಕೊಂಡು ಹೋಗ್ಬೇಕು," ಎಂದು ಅತ್ತಿಗೆ ಪ್ರಫುಲ್ಲಾ ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು. "ಎಷ್ಟು ಸಲ ಹೇಳಿದ್ದಾರೆ. ಗಾಜಿನ ಗಾಡಿ ಎಲ್ಲ ನಂಗೆ ಬೇಡ, ನಮ್ಮ ಪಿಕಪ್ಪಲ್ಲೇ ಹಾಕ್ಕೊಂಡು ಹೋಗಿ ಅಂತ."

"ನಾನೇ ಓಡಿಸ್ತೇನೆ," ಎಂದಿದ್ದ ಗುರುಪ್ರಸಾದ. ಯಾರೂ ಬೇಡವೆನ್ನಲಿಲ್ಲ. ಬಾಲಚಂದ್ರನ ಮಗ ರಾಜೇಶನಿಗೆ ಗಾಡಿ ಬರುವುದಿಲ್ಲ. ಅವನು ಬೆಂಕಿಯ ಮಡಕೆ ಹಿಡಿದು ಮುಂದೆ ಕೂರಬೇಕಾದವನು ಬೇರೆ. ಮೂವತ್ತೈದು ವರ್ಷ ಅಡುಗೆಮನೆಯ ಹೊಗೆಯಲ್ಲೇ ಕಳೆದ ಗುರುಪ್ರಸಾದನಿಗೆ ಇವತ್ತು ಒಂದೇ ಆಸೆ ಇತ್ತು. ಅಣ್ಣನಿಗೆ ಎಲ್ಲರಿಗಿಂತ ಹತ್ತಿರದವನು ತಾನು ಎಂದು ಊರಿಗೆಲ್ಲ ಕಾಣಬೇಕು. ಇವತ್ತು ತಪ್ಪಿದರೆ ಇನ್ನು ಯಾವತ್ತು?

ಅಷ್ಟರಲ್ಲಿ ಈ ಓಂಕಾರಪ್ಪ ಬಂದ. ಕಣ್ಣುಗಳು ಕೆಂಪಗಿದ್ದವು. ಒಂದು ಕೈಯಲ್ಲಿ ಚಾಬಿ, ಇನ್ನೊಂದು ಕೈಯಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಏನೋ ಭಾರದ ಸಾಮಾನು.

"ಹಿಂಗs ಒಯ್ಯಬ್ಯಾಡ್ರಿ ಗುರುಪ್ರಸಾದ್. ಸ್ಟೀರಿಂಗ್ ಭಾಳ ಸಡಲ ಆಗೇತಿ. ಚಕ್ರ ಇಷ್ಟು ತಿರುಗಿಸಿದ್ರೂ ಟೈರಿಗೆ ಸುದ್ದಿನs ಮುಟ್ಟಂಗಿಲ್ಲ," ಎಂದು ಬೊಗಸೆಯಗಲ ತೋರಿಸಿದ. "ಬರೋ ರವಿವಾರ ಹಾಕೂಣ ಅಂತ ಚಕ್ರದ ಹೊಸಾ ಕೀಲು, ಟೈರಾಡ್ ಎಂಡ್, ತಂದು ನಮ್ಮನ್ಯಾಗ ಇಟ್ಟಿದ್ರು. ಇಲ್ಲೇ ಐತಿ ನೋಡ್ರಿ."

ನಮ್ಮನ್ಯಾಗ! ಗಾಡಿ ಇಲ್ಲಿ, ಅದರ ಸಾಮಾನು ಅಲ್ಲಿ. ಗುರುಪ್ರಸಾದ ಹಲ್ಲು ಕಚ್ಚಿಕೊಂಡ.

"ನಿಮಗೆ ಗಾಡಿ ಓಡಿಸ್ಲಿಕ್ಕೆ ಬರ್ತದಾ?"

"ಇಲ್ರಿ."

"ಮತ್ತೆ ನಿಮಗೆ ಎಂತ ಗೊತ್ತುಂಟು ಸ್ಟೀರಿಂಗಿನದ್ದು?"

ಓಂಕಾರಪ್ಪ ಪೇಪರಿನ ಪೊಟ್ಟಣವನ್ನು ಗುರುಪ್ರಸಾದನ ಕೈಗೆ ಕೊಟ್ಟ. ಡ್ರೈವರನ ಕಡೆಯ ಬಾಗಿಲು ತೆಗೆದು, ಹತ್ತಲಾರದೆ ಹತ್ತಿ, ಸ್ಟೀರಿಂಗಿನ ಹಿಂದೆ ಕೂತುಬಿಟ್ಟ. ಎಷ್ಟೋ ವರ್ಷದಿಂದ ಅದು ಅವನದೇ ಜಾಗ ಎಂಬ ಹಾಗೆ.

"ಗಾಡಿ ಕೆಳಗ ಹೋಗ್ರಿ," ಎಂದ. "ನಾ ಅಲ್ಲಾಡಸ್ತೀನಿ."

* * *

ರಾಜೇಶ ಕಾಲೇಜು ಮುಗಿಸಿ ಗಲ್ಲಾದಲ್ಲಿ ಕೂತ ಮೇಲೆ ಬಾಲಚಂದ್ರ ಹೊರಗಿನ ಕೇಟರಿಂಗ್ ಹಿಡಿದಿದ್ದ. ಉಪನಯನ, ಸೀಮಂತ, ಸಾಲ್ಟ್ ಲೇಕಿನ ಆಫೀಸಿನವರ ಊಟ. ಪಾತ್ರೆ ಸಾಗಿಸಲು ಸೆಕೆಂಡ್ ಹ್ಯಾಂಡ್ ಪಿಕಪ್ಪು ತಂದ. ತಂದ ದಿನದಿಂದಲೇ ಅದರ ಸ್ಟೀರಿಂಗು ಎಡಕ್ಕೆಂದರೆ ಒಂದು ಕ್ಷಣ ಯೋಚಿಸಿಯೇ ಎಡಕ್ಕೆ ಹೋಗುತ್ತಿತ್ತು. "ಕೇಳ್ತದೆ ಮಾರಾಯ, ಸ್ವಲ್ಪ ತಡ ಮಾಡಿ ಕೇಳ್ತದೆ, ಅಷ್ಟೆ," ಎಂದು ಅಣ್ಣ ನಗುತ್ತಿದ್ದ.

ಗುರುಪ್ರಸಾದನಿಗೆ ಆ ನಗುವನ್ನೂ ಸಹಿಸಲಾಗುತ್ತಿರಲಿಲ್ಲ. ಊರೆಲ್ಲ ಬಾಲಣ್ಣ, ಬಾಲಣ್ಣ. ಸಾರು ಕುದಿಸಿದವನು ಗುರು, ಬಡಿಸಿ ಹೊಗಳಿಸಿಕೊಂಡವನು ಬಾಲಣ್ಣ. ಈ ಒಂದು ವಿಷಯದಲ್ಲಾದರೂ ತಾನು ಮೇಲೆ ಎನಿಸಿಕೊಳ್ಳಬೇಕೆಂದು, ಒಂದು ಶನಿವಾರ ಅಣ್ಣ ಕಾಳಿಘಾಟಿನ ಕಡೆ ಬಾಳೆಲೆ ತರಲು ಹೋಗಿದ್ದಾಗ, ಬಾನೆಟ್ ಎತ್ತಿ ಸ್ಟೀರಿಂಗ್ ಪೆಟ್ಟಿಗೆಯ ನೆತ್ತಿಯಲ್ಲಿದ್ದ ಸ್ಕ್ರೂವನ್ನು ಬಿಗಿ ಮಾಡಿದ. ಹೀಗೆ ಮಾಡಿದರೆ ಸಡಿಲ ಹೋಗುತ್ತದೆಂದು ಯಾರೋ ಗ್ಯಾರೇಜಿನವನು ಹೇಳಿದ್ದ. ಸಡಿಲ ಹೋಯಿತು, ಸುಳ್ಳಲ್ಲ. ಖುಷಿಯಾಗಿ ಇನ್ನೊಂದು ಸುತ್ತು ಬಿಗಿದ.

ಮರುದಿನ ಸಾಲ್ಟ್ ಲೇಕಿನ ವೃತ್ತದಲ್ಲಿ ಅಣ್ಣ ತಿರುಗಿಸಿದ ಸ್ಟೀರಿಂಗು ತಿರುಗಿದಲ್ಲೇ ಹಿಡಿದುಕೊಂಡಿತು. ನೇರಕ್ಕೆ ಬರಲಿಲ್ಲ. ಪಿಕಪ್ಪು ಕಟ್ಟೆ ಹತ್ತಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಮುನ್ನೂರು ಜನರ ಸಾರು ರಸ್ತೆಗೆ ಹೋಯಿತು. ಸವೆದಿದ್ದದ್ದು ಕೆಳಗಿನ ಕೀಲು, ತಾನು ಬಿಗಿದದ್ದು ಮೇಲಿನ ಪೆಟ್ಟಿಗೆ ಎಂದು ಗುರುಪ್ರಸಾದನಿಗೆ ಆಮೇಲೆ ತಿಳಿಯಿತು.

"ನಾನೇ ಬಿಗಿ ಮಾಡಿದ್ದು, ನಂದೇ ತಪ್ಪು," ಎಂದು ಬಾಲಚಂದ್ರ ಎಲ್ಲರ ಮುಂದೆ ಹೇಳಿದ. ತಮ್ಮನ ಮುಖವನ್ನು ಒಂದು ಸಲ ನೋಡಿದ, ಅಷ್ಟೆ.

ಆಮೇಲಿನ ಭಾನುವಾರದಿಂದ ಓಂಕಾರಪ್ಪ ಬರತೊಡಗಿದ. ಹೋಟೆಲಿಗೆ ಕಾಫಿ ಕುಡಿಯಲು ಬರುತ್ತಿದ್ದವನು, ಗಾರ್ಡನ್ ರೀಚಿನ ರೈಲ್ವೆ ಕಚೇರಿಯಲ್ಲಿ ಫೈಲು ತಿರುವುತ್ತಿದ್ದವನು. ಬಾಲಚಂದ್ರ ಗಾಡಿಯ ಕೆಳಗೆ, ಇವನು ಮೇಲೆ ಸ್ಟೀರಿಂಗು ಹಿಡಿದು. ಅಡುಗೆಮನೆಯ ಕಿಟಕಿಯಿಂದ ಗುರುಪ್ರಸಾದ ಹನ್ನೆರಡು ವರ್ಷ ಅದನ್ನು ನೋಡಿದ. ಅಣ್ಣ ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಬೈಯದೆ, ಬೇರೆಯವನನ್ನು ಕರೆದು ಆ ಸೀಟಿನಲ್ಲಿ ಕೂರಿಸಿದ.

* * *

ಪಿಕಪ್ಪಿನ ಕೆಳಗೆ ಗೋಣಿಚೀಲದ ಮೇಲೆ ಅಂಗಾತ ಮಲಗಿದ ಗುರುಪ್ರಸಾದನಿಗೆ ಮೊದಲು ಕಂಡದ್ದು ಬರೀ ಮಣ್ಣು ಮತ್ತು ಗ್ರೀಸು.

"ಎಡಕ್ಕ," ಎಂದ ಮೇಲಿನಿಂದ ಓಂಕಾರಪ್ಪ. "ಬಲಕ್ಕ. ಏನ್ ಕಂಡ್ತು?"

"ಎಲ್ಲ ಅಲ್ಲಾಡ್ತದೆ."

"ಎಲ್ಲಾ ಒಮ್ಮೆಲೆ ನೋಡಬ್ಯಾಡ್ರಿ. ಪೆಟಗಿಯಿಂದ ಶುರು ಮಾಡ್ರಿ. ಒಂದು ಅಲ್ಲಾಡಿದ ಕೂಡಲೆ ಅದರ ಮುಂದಿಂದೂ ಅಲ್ಲಾಡಬೇಕು. ಎಲ್ಲಿ ಮುಂದಿಂದು ಸುಮ್ನ ನಿಂದರತೈತೋ, ರೋಗ ಅಲ್ಲೇ ಐತಿ."

ಹೇಳಿದ್ದು ಸರಿಯಾಗಿಯೇ ಇತ್ತು. ಅದನ್ನೇ ಗುರುಪ್ರಸಾದನಿಗೆ ತಡೆದುಕೊಳ್ಳಲಾಗಲಿಲ್ಲ. ಪೆಟ್ಟಿಗೆಯಿಂದ ಇಳಿದ ತೋಳು ಅಲ್ಲಾಡಿತು. ಅದಕ್ಕೆ ಸಿಕ್ಕಿಸಿದ ಉದ್ದನೆಯ ರಾಡೂ ಅದರ ಜೊತೆಗೇ ಅಲ್ಲಾಡಿತು. ಎಡ ಚಕ್ರದ ಹತ್ತಿರ ಮಾತ್ರ, ರಾಡು ಅರ್ಧ ಬೆರಳು ಕುಣಿದರೂ ಚಕ್ರದ ತೋಳು ಅಲುಗದೆ ನಿಂತಿತ್ತು. ಕೀಲಿನ ರಬ್ಬರು ಹರಿದು, ಒಳಗಿನ ಗುಂಡು ಬಾಯಿಬಿಟ್ಟಿತ್ತು.

"ಸಿಕ್ಕಿತು! ಎಡಗಡೆ!" ಎಂದು ಕೂಗಿದವನಿಗೆ, ಹೆಣವಿರುವ ಮನೆಯ ಮುಂದೆ ಹೀಗೆ ಕೂಗಿದೆನಲ್ಲ ಎಂದು ನಾಚಿಕೆಯಾಯಿತು.

ಜಾಕ್ ಕೊಟ್ಟರು, ಹಿಂದಿನ ಚಕ್ರಗಳಿಗೆ ಇಟ್ಟಿಗೆ ಇಟ್ಟರು. ಪಿನ್ನು ಎಳೆದು, ನಟ್ಟು ಬಿಚ್ಚಿ, ಸುತ್ತಿಗೆಯಲ್ಲಿ ಎರಡು ಏಟು ಕೊಟ್ಟದ್ದೇ ಕೀಲು ಕಳಚಿ ಬಿತ್ತು. ಇನ್ನು ಹಳೇ ತುದಿಯನ್ನು ರಾಡಿನಿಂದ ಬಿಚ್ಚಬೇಕು. ಗುರುಪ್ರಸಾದ ತಿರುಗಿಸಿದ, ಉಸಿರು ಕಟ್ಟಿ ತಿರುಗಿಸಿದ. ಅದು ಇನ್ನಷ್ಟು ಬಿಗಿಯಾಯಿತು.

"ಅದು ಉಲ್ಟಾ ಚೂಡಿ, ತಿರುವು-ಮುರುವು ಸುತ್ತು ಐತ್ರಿ. ಬಲಕ್ಕ ತಿರುಗಸ್ರಿ, ಬಿಚ್ಚತೈತಿ. ಮತ್ತ ಎಷ್ಟು ಸುತ್ತು ಅಂತ ಎಣಸ್ಕೋತ ಹೋಗ್ರಿ. ಹೊಸಾದು ಅಷ್ಟs ಸುತ್ತು ಒಳಗ ಹೋಗಬೇಕು. ಇಲ್ಲಾಂದ್ರ ಚಕ್ರ ಸೊಟ್ಟ ನೋಡ್ತಾವು."

ಮೇಲೆ ಒಬ್ಬ, ಕೆಳಗೆ ಒಬ್ಬ ಎಣಿಸಿದರು. ಹದಿನಾಲ್ಕೂವರೆ. ಹೊಸತನ್ನು ಸಿಕ್ಕಿಸುತ್ತ ಗುರುಪ್ರಸಾದ ಇಷ್ಟು ವರ್ಷ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿಯೇಬಿಟ್ಟ.

"ಭಾನುವಾರ ಭಾನುವಾರ ಎಂತ ಮಾತಾಡ್ತಿದ್ರಿ ನೀವಿಬ್ರು?"

"ಏನೂ ಇಲ್ಲಲ್ರಿ. ಎಡಕ್ಕ, ಬಲಕ್ಕ. ಅಷ್ಟs."

"ನನ್ನ ವಿಷಯ?"

ಓಂಕಾರಪ್ಪ ಸ್ಟೀರಿಂಗಿನಿಂದ ಕೈ ತೆಗೆದ. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಹೇಳಲಿಲ್ಲ. "ಇಲ್ರಿ. ನಿಮ್ಮ ಸುದ್ದಿ ಎಂದೂ ತಗೀಲಿಲ್ಲ."

ಮಾತೇ ಇಲ್ಲದೆ ಹನ್ನೆರಡು ವರ್ಷ! ಮಾತಾಡಿಕೊಂಡಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ತಾನು ಅಣ್ಣನ ಜೊತೆ ಒಂದು ಗಳಿಗೆ ಸುಮ್ಮನೆ ಕೂತದ್ದು ಯಾವಾಗ? ಗುರುಪ್ರಸಾದ ಸ್ಪ್ಯಾನರನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದ.

"ಹಾಗಾದ್ರೆ ಆ ಸಾಲ್ಟ್ ಲೇಕಿನದ್ದೂ ಹೇಳಿರ್ಬೇಕಲ್ಲ. ಸ್ಕ್ರೂ ಬಿಗಿ ಮಾಡಿದ್ದು ಯಾರು ಅಂತ."

"ಅವ್ರs ಮಾಡಿದ್ರಲ್ರಿ. ಆಮ್ಯಾಲೂ ಎಷ್ಟು ಸಲ ಪೇಚಾಡ್ಯಾರ. ನಾ ಮೂರ್ಖ, ಮ್ಯಾಲಿಂದು ಬಿಗದೆ, ಕೆಳಗ ನೋಡಲಿಲ್ಲ ಅಂತ." ಓಂಕಾರಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಯಾಕ್ರಿ? ಮತ್ಯಾರು?"

ಗುರುಪ್ರಸಾದ ಹೊಸ ತುದಿಯನ್ನು ಇನ್ನೊಂದು ಸುತ್ತು ತಿರುಗಿಸಿದ. ಹೇಳಿರಲಿಲ್ಲ! ಅಣ್ಣ ಇವನಿಗೂ ಹೇಳಿರಲಿಲ್ಲ! ಅಣ್ಣನಿಗೂ ತನಗೂ ಮಾತ್ರ ಗೊತ್ತಿದ್ದ ಒಂದು ಸಂಗತಿ ಈ ಭೂಮಿಯ ಮೇಲಿತ್ತು, ಅದರೊಳಗೆ ಈ ಓಂಕಾರಪ್ಪನಿಗೆ ಕಾಲಿಡಲು ಜಾಗವಿರಲಿಲ್ಲ. ಗಾಡಿಯ ಹೊಟ್ಟೆಯ ಕೆಳಗೆ ಅವನಿಗೆ ಬೆಳಗಿನಿಂದ ಬಾರದಿದ್ದ ಅಳು ಬಂತು. ಅಳುತ್ತಲೇ ಒಳಗೊಳಗೆ ಗೆದ್ದೆನೆಂದುಕೊಂಡ. ಎರಡೂ ನಿಜವೇ.

"ಯಾರೂ ಇಲ್ಲ," ಎಂದ. "ಹದಿನಾಲ್ಕೂವರೆ ಆಯ್ತು." ಕೀಲನ್ನು ಚಕ್ರದ ತೋಳಿಗೆ ಕೂರಿಸಿ, ನಟ್ಟು ಬಿಗಿದು, ಪಿನ್ನು ಹಾಕಿದ. "ನೋಡಿ ಅಲ್ಲಾಡಿಸಿ."

ಈ ಸಲ ಸ್ಟೀರಿಂಗು ಅಲುಗಿದ ಕ್ಷಣಕ್ಕೇ ಚಕ್ರವೂ ಅಲುಗಿತು.

* * *

ಸ್ನಾನ ಮಾಡಿದರೂ ಗುರುಪ್ರಸಾದನ ಉಗುರಿನ ಗ್ರೀಸು ಹೋಗಲಿಲ್ಲ. ಭಟ್ಟರು ಅದನ್ನು ನೋಡಿ ಮುಖ ಸಿಂಡರಿಸಿದರು. ಡಾಕ್ಟರ ಕಾಗದ ಬಂತು. ಬಾಲಚಂದ್ರನನ್ನು ಇಳಿಸಿ, ಪಿಕಪ್ಪಿನ ಹಿಂಭಾಗದಲ್ಲಿ ಚಾಪೆ ಹಾಸಿ ಮಲಗಿಸಿದರು. ಬಾಲಚಂದ್ರನ ಮಗಳು ದೀಕ್ಷಾ ಸೆರಗು ಸಿಕ್ಕಿಸಿ ಅಪ್ಪನ ಕಾಲ ಬಳಿ ಹತ್ತಿ ಕೂತಳು.

"ಹೆಣ್ಣುಮಕ್ಕಳು ಅಲ್ಲಿಗೆ ಬರುವ ಕ್ರಮ ಇಲ್ಲಮ್ಮ," ಎಂದರು ಭಟ್ಟರು.

"ಇಲ್ಲಿ ಸಬ್ ಹೋಗ್ತಾರೆ ಭಟ್ಟರೇ. ಪಾಡಾದ ಮಾಶಿಮಾ, ಓಣಿಯ ಚಿಕ್ಕಮ್ಮಂದಿರು ಎಲ್ಲ ಹೋಗ್ತಾರೆ. ನಾನೂ ಹೋಗ್ತೇನೆ," ಎಂದಳು ಅವಳು, ಜಾಗ ಬಿಟ್ಟು ಕದಲಲಿಲ್ಲ.

ಪ್ರಫುಲ್ಲಾ ಗಾಡಿಯ ಅಂಚು ಹಿಡಿದು ನಿಂತಳು. "ಓಂಕಾರಪ್ಪನವರೇ, ನೀವು ತಲೆ ಹತ್ರ ಕೂತ್ಕೊಳ್ಳಿ. ದಾರೀಲಿ ಅಲ್ಲಾಡದ ಹಾಗೆ ನೋಡ್ಕೊಳ್ಳಿ."

"ಮನೆಯವರೇ ಮುಟ್ಟಿದ್ರೆ ಒಳ್ಳೇದಿತ್ತು ಅತ್ತಿಗೆ," ಎಂದ ಗುರುಪ್ರಸಾದ.

"ನೀನು ಓಡಿಸ್ತೇನೆ ಅಂದ್ಯಲ್ಲ," ಎಂದಳು ಅತ್ತಿಗೆ.

ಗುರುಪ್ರಸಾದ ಡ್ರೈವರನ ಸೀಟಿಗೆ ಹತ್ತಿದ. ಎಂಜಿನ್ ಶುರುಮಾಡಿದ. ಪಕ್ಕದಲ್ಲಿ ರಾಜೇಶ ಒದ್ದೆ ಪಂಚೆಯಲ್ಲಿ ಮಡಕೆ ಹಿಡಿದು ಕೂತಿದ್ದ. ಓಣಿಯ ಎರಡೂ ಬದಿ ಜನ ಕೈಮುಗಿದು ನಿಂತಿದ್ದರು. ಎಲ್ಲರೂ ನೋಡಿದರು, ಬಾಲಣ್ಣನನ್ನು ಒಯ್ಯುತ್ತಿರುವವನು ಅವನ ತಮ್ಮ. ಬೇಕಾಗಿದ್ದದ್ದು ಸಿಕ್ಕಿತು. ರಾಶ್‌ಬಿಹಾರಿ ರಸ್ತೆಗೆ ಬಂದಾಗ ಗಾಡಿ ಹಿಡಿದ ದಾರಿ ಬಿಡದೆ ಹೋಗುತ್ತಿತ್ತು.

ಆಗ ಅವನು ಕನ್ನಡಿ ನೋಡಿದ.

ಕನ್ನಡಿಯಲ್ಲಿ ಓಂಕಾರಪ್ಪ ಅಣ್ಣನ ತಲೆಯನ್ನು ತೊಡೆಗೆ ಆನಿಸಿಕೊಂಡು, ಹಣೆಯ ಮೇಲೆ ಅಂಗೈ ಇಟ್ಟು ಕೂತಿದ್ದ. ಜಾರಿದ ತುಳಸಿಯನ್ನು ಸರಿಮಾಡಿದ. ಬಗ್ಗಿ ಏನೋ ಹೇಳಿದ. ಈಗ ಮಾತಾಡುತ್ತಾನೆ, ಈಗ! ಕೇವಡಾತಲಾ ಸ್ಮಶಾನಕ್ಕೆ ಇನ್ನು ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷವೂ ಅವನದು. ತನ್ನ ಪಾಲಿಗೆ ಬಂದದ್ದು ಮುಂದಿನ ಬಸ್ಸಿನ ಬೆನ್ನು.

ಕ್ರಾಸಿಂಗಿನ ನಡುವೆ, ಟ್ರಾಮಿನ ಹಳಿಯ ಮೇಲೆ, ಗುರುಪ್ರಸಾದ ಬ್ರೇಕು ತುಳಿದ.

"ಚಿಕ್ಕಪ್ಪ, ಎಂತ ಆಯ್ತು?" ಎಂದ ರಾಜೇಶ. ಗುರುಪ್ರಸಾದ ಇಳಿದು, ಹಿಂದಕ್ಕೆ ಓಡಿ, ಅಂಚು ಹಿಡಿದು ಹತ್ತಿದ. ಹಿಂದೆ ಆಟೋಗಳು ಹಾರ್ನ್ ಬಾರಿಸತೊಡಗಿದವು. ಬಸ್ಸಿನ ಕಂಡಕ್ಟರನೊಬ್ಬ ಬಂಗಾಳಿಯಲ್ಲಿ ಬೈಯಲು ಬಾಯಿ ತೆರೆದವನು ಹೆಣ ನೋಡಿ ಹಣೆಗೆ ಕೈ ಮುಟ್ಟಿಸಿಕೊಂಡ.

"ನಂಗೆ ಆಗುದಿಲ್ಲ," ಎಂದ ಗುರುಪ್ರಸಾದ ಏದುಸಿರು ಬಿಡುತ್ತ. "ನಾನು ಇಲ್ಲೇ ಕೂತ್ಕೊಳ್ತೇನೆ. ಯಾರು ಬೇಕಾದ್ರೂ ಓಡಿಸಿ."

ದೀಕ್ಷಾ ಒಂದು ಸಲ ಅವನ ಮುಖ ನೋಡಿದಳು, ಒಂದು ಸಲ ರಸ್ತೆ ನೋಡಿದಳು. "ಓಕೆ, ನಾನು ಓಡಿಸ್ತೇನೆ. ಅಪ್ಪ ನಂಗೆ ಸಿಖಾಯಿಸಿದ್ದಾರೆ," ಎಂದು ಕೆಳಗೆ ಹಾರಿ ಮುಂದಕ್ಕೆ ಹೋದಳು.

ಇವಳಿಗೂ ಕಲಿಸಿದ್ದನೇ! ಗುರುಪ್ರಸಾದನ ಹೊಟ್ಟೆಯಲ್ಲಿ ಮತ್ತೆ ಒಂದು ಕಿಡಿ ಬಿತ್ತು. ಅವನು ಓಂಕಾರಪ್ಪನ ಎದುರಿಗೆ, ಅಣ್ಣನ ಇನ್ನೊಂದು ಮಗ್ಗುಲಿಗೆ ಕೂತು, ಗ್ರೀಸಿನ ಉಗುರುಗಳ ಕೈಯನ್ನು ಅದೇ ಹಣೆಯ ಮೇಲೆ ಇಟ್ಟ. ಓಂಕಾರಪ್ಪ ತನ್ನ ಕೈಯನ್ನು ನಾಲ್ಕು ಬೆರಳಷ್ಟು ಸರಿಸಿದ. ತೆಗೆಯಲಿಲ್ಲ.

ಗಾಡಿ ಕಾಳಿಘಾಟಿನ ಕಡೆ ತಿರುಗಿತು. ದೀಕ್ಷಾ ನಿಧಾನಕ್ಕೆ ಓಡಿಸುತ್ತಿದ್ದಳು. ಬಾಲಚಂದ್ರನ ತಲೆ ಕೂದಲಷ್ಟೂ ಅಲ್ಲಾಡುತ್ತಿರಲಿಲ್ಲ, ಹಿಡಿದುಕೊಳ್ಳಬೇಕಾದ ಅಗತ್ಯವೇ ಇರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ, ಸ್ಮಶಾನದ ಗೇಟು ಬರುವ ತನಕ, ಎರಡು ಕಡೆಯಿಂದ ಬಿಗಿಯಾಗಿ ಹಿಡಿದುಕೊಂಡೇ ಇದ್ದರು.